ಬಚ್ಚಲ ಕಲ್ಲಿನ ವಂಶವೃಕ್ಷ

ಬೆಂಗಳೂರಿನ ಒಂದು ಸಾಮಾನ್ಯ ಟೂ ಬಿಎಚ್‌ಕೆ ಫ್ಲ್ಯಾಟಿನಲ್ಲಿ ಬಾತ್‌ರೂಮ್ ಅಂದರೆ 5 ಅಡಿ ಅಗಲ, 8 ಅಡಿ ಉದ್ದ. ಒಟ್ಟು 40 ಚದರಡಿ. ಮನೆಯಲ್ಲೇ ಚಿಕ್ಕ ಕೋಣೆ ಇದು. ಆದರೆ ಇಂಟೀರಿಯರ್ ಮಾಡಿಸೋಕೆ ಕೂತಾಗ ಅತಿ ಹೆಚ್ಚು ವಾದ ನಡೆಯೋದು ಇದರ ಬಗ್ಗೆಯೇ. ಟೈಲ್ಸ್ ಶೋರೂಮಿಗೆ ಹೋಗಿ ನೋಡಿ. "ಸ್ಲೇಟ್ ಲುಕ್", "ಟ್ರಾವರ್ಟೈನ್ ಲುಕ್", "ಸ್ಟೋನ್ ಫಿನಿಶ್" ಅಂತ ಸಾಲುಸಾಲಾಗಿ ನಿಲ್ಲಿಸಿರುತ್ತಾರೆ. ಅದರಲ್ಲಿ ಬಹುತೇಕ ಕಲ್ಲೇ ಅಲ್ಲ. ಗುಜರಾತಿನ ಮೋರ್ಬಿಯಂಥ ಕಡೆ ಜೇಡಿಮಣ್ಣು ಒತ್ತಿ, ಇಂಕ್‌ಜೆಟ್ ಪ್ರಿಂಟರಿನಲ್ಲಿ ಕಲ್ಲಿನ ಫೋಟೋ ಅಚ್ಚು ಹಾಕಿ, ಸುಟ್ಟು ಕಳಿಸಿದ ಬಿಲ್ಲೆ. ಐದಾರು ಬಿಲ್ಲೆ ಜೋಡಿಸಿಟ್ಟು ಸರಿಯಾಗಿ ನೋಡಿದರೆ ಒಂದೇ ಗೆರೆ, ಒಂದೇ ಮಚ್ಚೆ ಮತ್ತೆ ಮತ್ತೆ ಬರುತ್ತದೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಕಾಪಿ-ಪೇಸ್ಟ್.

ನನಗೆ ಇದರಲ್ಲಿ ತಕರಾರೇನಿಲ್ಲ. ಆ ಟೈಲ್ಸ್ ಅಗ್ಗ, ಗಟ್ಟಿ, ತೊಳೆಯೋದು ಸುಲಭ. ಆದರೆ ಒಂದು ಪ್ರಶ್ನೆ ಮಾತ್ರ ತಲೆಯಲ್ಲಿ ಉಳಿದುಬಿಟ್ಟಿತು. ಸಾವಿರಾರು ವರ್ಷ ಮನುಷ್ಯ ನಿಜವಾದ ಕಲ್ಲಿನ ಮೇಲೆ ಕೂತು ಸ್ನಾನ ಮಾಡಿದ. ಆಮೇಲೆ ಕಲ್ಲನ್ನು ಬಚ್ಚಲಿನಿಂದ ಓಡಿಸಿದ. ಈಗ ಅದೇ ಕಲ್ಲಿನ ಫೋಟೋ ತಂದು ಅಂಟಿಸಿಕೊಳ್ಳುತ್ತಿದ್ದಾನೆ. ಇದು ಹೇಗಾಯಿತು? ಒಂದಷ್ಟು ತಿಂಗಳು ವೀಕೆಂಡುಗಳಲ್ಲಿ ಓದಿದ್ದು, ನೋಡಿದ್ದು, ಊರಲ್ಲಿ ಕೇಳಿದ್ದು ಸೇರಿಸಿ ಬರೆದ ಲೆಕ್ಕ ಇದು.

ನಮ್ಮೂರು ಕಲಬುರಗಿ ಜಿಲ್ಲೆ, ಚಿತ್ತಾಪುರದ ಕಡೆ. ನಮ್ಮಲ್ಲಿ ಸ್ನಾನಕ್ಕೆ 'ಜಳಕ' ಅಂತಾರೆ. ನಾನು ಚಿಕ್ಕವನಿದ್ದಾಗ ನಮ್ಮ ಜಳಕದ ಜಾಗ ಹಿತ್ತಲಿನ ಒಂದು ಮೂಲೆ. ಮೂರು ಕಡೆ ಎದೆಮಟ್ಟದ ಕಲ್ಲಿನ ಗೋಡೆ, ಒಂದು ಕಡೆ ಹಳೇ ಸೀರೆಯ ಪರದೆ, ಮೇಲೆ ಆಕಾಶ. ಕೆಳಗೆ ಒಂದೇ ಒಂದು ದೊಡ್ಡ ಫರ್ಸಿ ಕಲ್ಲು. ಅದರ ಒಂದು ಬದಿ ಸ್ವಲ್ಪ ತಗ್ಗು, ಹಾಗಾಗಿ ನೀರು ತಾನಾಗೇ ಹರಿದು ಗೋಡೆಯ ಕಿಂಡಿಯಿಂದ ಹೊರಗಿನ ಬಾಳೆಗಿಡಕ್ಕೆ ಹೋಗುತ್ತಿತ್ತು. ಟೈಲ್ ಇಲ್ಲ, ಗ್ರೌಟ್ ಇಲ್ಲ, ವಾಟರ್‌ಪ್ರೂಫಿಂಗ್ ಇಲ್ಲ. ಜೋಡಣೆಯೇ ಇಲ್ಲದ ಮೇಲೆ ಸೋರೋದಾದರೂ ಎಲ್ಲಿಂದ?

ಈ ಫರ್ಸಿಗೆ ಹೊರಗಿನವರು ಇಟ್ಟ ಹೆಸರು ಶಹಾಬಾದ್ ಕಲ್ಲು. ಪುಣೆ, ಮುಂಬೈ ಕಡೆಯವರಿಗೆ 'ಶಹಾಬಾದಿ ಫರ್ಶಿ'. ಫರ್ಶ್ ಅಂದರೆ ಪರ್ಷಿಯನ್, ಅರೇಬಿಕ್ ಭಾಷೆಗಳಲ್ಲಿ ನೆಲ, ಹಾಸು. ಬಹಮನಿ ಕಾಲದಿಂದ ನಿಜಾಮರ ಕಾಲದವರೆಗೆ ಆ ಭಾಷೆ ನಮ್ಮ ಕಡೆಯ ಕಚೇರಿಯಲ್ಲೂ ಸಂತೆಯಲ್ಲೂ ಓಡಾಡಿದ್ದರಿಂದ ಕಲ್ಲಿನ ಹೆಸರಿಗೂ ಅಂಟಿಕೊಂಡಿದೆ. ಜಿಯಾಲಜಿಯ ಪ್ರಕಾರ ಇದು ಸುಣ್ಣದಕಲ್ಲು, ಅಂದರೆ ಲೈಮ್‌ಸ್ಟೋನ್. ಈಗ ಭೀಮಾ ನದಿ ಹರಿಯುವ ಈ ಭಾಗದಲ್ಲಿ 50 ಕೋಟಿ ವರ್ಷಕ್ಕೂ ಹಿಂದೆ ಆಳವಿಲ್ಲದ ಸಮುದ್ರವಿತ್ತು. ಅದರ ತಳದಲ್ಲಿ ಸಣ್ಣ ಕೆಸರು ಪದರಪದರವಾಗಿ ಕೂತು ಗಟ್ಟಿಯಾಯಿತು. ಈ ಪದರವೇ ಈ ಕಲ್ಲಿನ ಇಡೀ ಗುಟ್ಟು. ಪದರ ನೋಡಿ ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದು, ಹಾರೆ ಹಾಕಿ ಮೀಟಿದರೆ ಪುಸ್ತಕದ ಹಾಳೆ ಬಿಡಿಸಿದ ಹಾಗೆ ಚಪ್ಪಟೆಯಾಗಿ ಏಳುತ್ತದೆ. ಮಷಿನ್ ಬೇಡ, ಗರಗಸ ಬೇಡ. ಜಗತ್ತಿನ ಎಷ್ಟೋ ಕಡೆ ಕಲ್ಲನ್ನು ತೆಳುವಾಗಿ ಸೀಳೋಕೆ ಜನ ಶತಮಾನಗಳ ಕಾಲ ಒದ್ದಾಡಿದ್ದಾರೆ. ನಮ್ಮ ಕಡೆ ಭೂಮಿಯೇ ಸ್ಲೈಸ್ ಮಾಡಿ ಇಟ್ಟಿದೆ.

ಹಾಗಾಗಿ ನಮ್ಮ ಕಡೆ ಈ ಕಲ್ಲು ಇಲ್ಲದ ಜಾಗ ಇಲ್ಲ. ಗೋಡೆ ಇದೇ, ನೆಲ ಇದೇ, ಹಳೇ ಮನೆಗಳ ಮಾಳಿಗೆಗೂ ಇದೇ. ಹೊಲದ ಬೇಲಿಗೂ ಇದನ್ನೇ ನಿಲ್ಲಿಸುತ್ತಾರೆ. ಎಲ್ಲ ಕಡೆ ಸಿಗುವ ವಸ್ತುವಿಗೆ ಮರ್ಯಾದೆ ಕಡಿಮೆ. ನಾನು ಇಂಜಿನಿಯರಿಂಗ್ ಸೇರಿದಾಗ ಊರಲ್ಲಿ ಯಾರಾದರೂ ಮನೆ ಕಟ್ಟಿಸಿದರೆ ಮೊದಲು ಹೇಳುತ್ತಿದ್ದ ಮಾತು, "ಫರ್ಸಿ ಹಾಕ್ಸಿಲ್ಲಪಾ, ಟೈಲ್ಸ್ ಹಾಕ್ಸೀನಿ."

ಆದರೆ ಈ ಕಲ್ಲಿನ ವಂಶವೃಕ್ಷ ಹಿಡಿದು ಹಿಂದಕ್ಕೆ ಹೋದರೆ ಸಿಗುವ ಹಿರಿಯರು ಸಾಮಾನ್ಯರಲ್ಲ. ಚಿತ್ತಾಪುರ ತಾಲೂಕಿನ ಸನ್ನತಿ ಹತ್ತಿರ, ಭೀಮಾ ನದಿಯ ದಡದಲ್ಲಿ ಕನಗನಹಳ್ಳಿ ಅಂತ ಊರಿದೆ. 1990ರ ದಶಕದಲ್ಲಿ ಪುರಾತತ್ವ ಇಲಾಖೆಯವರು ಅಲ್ಲಿ ಅಗೆದಾಗ ಒಂದು ದೊಡ್ಡ ಬೌದ್ಧ ಸ್ತೂಪದ ಅವಶೇಷ ಸಿಕ್ಕಿತು. ಸುತ್ತಲೂ ಹೊದಿಸಿದ್ದ ಸುಣ್ಣದಕಲ್ಲಿನ ಹಲಗೆಗಳ ಮೇಲೆ ಬುದ್ಧನ ಕತೆಗಳು, ರಾಜರ ಚಿತ್ರಗಳು. ಅದರಲ್ಲಿ ಒಂದು ಹಲಗೆಯ ಮೇಲೆ ರಾಜನೊಬ್ಬ ರಾಣಿಯ ಜೊತೆ, ಪರಿವಾರದವರ ಜೊತೆ ನಿಂತಿದ್ದಾನೆ. ಜೊತೆಗೆ ಬ್ರಾಹ್ಮಿ ಲಿಪಿಯಲ್ಲಿ "ರಾಯ ಅಸೋಕೋ" ಅಂತ ಹೆಸರು. ಅಶೋಕ ಚಕ್ರವರ್ತಿಯದೇ ಅಂತ ಹೆಸರು ಬರೆದಿಟ್ಟ ಚಿತ್ರ ಸಿಕ್ಕಿದ್ದು ಇಲ್ಲಿ, ನಮ್ಮ ಸೀಮೆಯ ಸುಣ್ಣದಕಲ್ಲಿನ ಮೇಲೆ.

ಅಲ್ಲಿಂದ ಇನ್ನೊಂದು ದಿಕ್ಕಿಗೆ, ಸೇಡಂ ತಾಲೂಕಿನಲ್ಲಿ ಕಾಗಿಣಾ ನದಿಯ ದಡದ ಮಳಖೇಡ. ಅದೇ ರಾಷ್ಟ್ರಕೂಟರ ಮಾನ್ಯಖೇಟ. ಕನ್ನಡದ ನಮಗೆ ಸಿಕ್ಕಿರುವ ಮೊದಲ ಗ್ರಂಥ 'ಕವಿರಾಜಮಾರ್ಗ' ಹುಟ್ಟಿದ್ದು 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ. ಅಲ್ಲಿ ಈಗ ಉಳಿದಿರುವ ಕೋಟೆ ಗೋಡೆ ನೋಡಿ: ಅದೇ ಬೂದು ಬಣ್ಣದ, ಚಪ್ಪಟೆ ಕಲ್ಲು. ಇವತ್ತು ಪಕ್ಕದಲ್ಲೇ ಸಿಮೆಂಟ್ ಕಾರ್ಖಾನೆಗಳ ಚಿಮಣಿ ಕಾಣುತ್ತವೆ. ಅವರಿಗೂ ಬೇಕಾದದ್ದು ಅದೇ ಸುಣ್ಣದಕಲ್ಲು. ಒಬ್ಬರು ಪದರ ಬಿಡಿಸಿ ಹಾಸ್ತಾರೆ, ಇನ್ನೊಬ್ಬರು ಪುಡಿ ಮಾಡಿ ಸುಡ್ತಾರೆ.

ಇಷ್ಟು ಕಲ್ಲಿನ ಕತೆ. ಇನ್ನು ಬಚ್ಚಲಿನ ಕತೆ.

ಭಾರತ ಉಪಖಂಡದ ಅತಿ ಹಳೆಯ ಒಳ್ಳೆಯ ಬಾತ್‌ರೂಮುಗಳು ಕಲ್ಲಿನವಲ್ಲ, ಇಟ್ಟಿಗೆಯವು. ಸುಮಾರು 4,500 ವರ್ಷದ ಹಿಂದಿನ ಮೊಹೆಂಜೊದಾರೊದಲ್ಲಿ 'ಗ್ರೇಟ್ ಬಾತ್' ಇದೆಯಲ್ಲ, ಶಾಲೆಯ ಪುಸ್ತಕದಲ್ಲಿ ಎಲ್ಲರೂ ನೋಡಿದ ಚಿತ್ರ, ಅದು ಸುಮಾರು 12 ಮೀಟರ್ ಉದ್ದ, 7 ಮೀಟರ್ ಅಗಲ, 2.4 ಮೀಟರ್ ಆಳ. ಸುಟ್ಟ ಇಟ್ಟಿಗೆಗಳನ್ನು ಜಿಪ್ಸಮ್ ಗಾರೆಯಲ್ಲಿ ಒತ್ತೊತ್ತಾಗಿ ಕೂರಿಸಿ, ಹಿಂದೆ ನೀರು ಸೋರದ ಹಾಗೆ ಡಾಂಬರಿನಂಥ ಬಿಟುಮೆನ್ ಪದರ ಬಳಿದಿದ್ದರು. ಇವತ್ತು ಅಪಾರ್ಟ್‌ಮೆಂಟಿನ ಬಾತ್‌ರೂಮಿಗೆ ಟೈಲ್ಸ್ ಹಾಕುವ ಮುಂಚೆ ಕಪ್ಪಗೆ ಒಂದು ಕೋಟಿಂಗ್ ಹೊಡೀತಾರಲ್ಲ, ಅದರ ಮುತ್ತಾತ. ಆದರೆ ನನಗೆ ಗ್ರೇಟ್ ಬಾತಿಗಿಂತ ಹೆಚ್ಚು ಇಷ್ಟವಾಗಿದ್ದು ಅಲ್ಲಿನ ಮನೆಗಳ ಪುಟ್ಟ ಬಚ್ಚಲುಗಳು. ಅಂಚು ಉಜ್ಜಿ ನುಣುಪು ಮಾಡಿದ ಇಟ್ಟಿಗೆಯ ಕಟ್ಟೆ, ಒಂದು ಮೂಲೆಗೆ ಇಳಿಜಾರು, ಅಲ್ಲಿಂದ ಬೀದಿಯ ಮುಚ್ಚಿದ ಚರಂಡಿಗೆ ದಾರಿ. ಬಾತ್‌ರೂಮ್ ಡಿಸೈನಿನ ಮೊದಲ ಪಾಠ ಅಲ್ಲೇ ಇದೆ. ನೀರು ಎಲ್ಲಿಂದ ಬರುತ್ತೆ ಅನ್ನೋದಕ್ಕಿಂತ ಎಲ್ಲಿಗೆ ಹೋಗುತ್ತೆ ಅನ್ನೋದು ಮೊದಲು ತೀರ್ಮಾನ ಆಗಬೇಕು.

ಕಲ್ಲಿನ ವಿಷಯಕ್ಕೆ ನಮ್ಮ ಹಂಪಿಗೆ ಬರಬೇಕು. ಅಲ್ಲಿ ಎಲ್ಲರೂ ಫೋಟೋ ತೆಗೆಸಿಕೊಳ್ಳೋದು 'ರಾಣಿ ಸ್ನಾನಗೃಹ'ದಲ್ಲಿ. ಅದು ಇಟ್ಟಿಗೆ, ಗಾರೆಯ ಕೆಲಸ ಹೆಚ್ಚಿರುವ ಕಟ್ಟಡ. ಇಂಜಿನಿಯರಾಗಿ ನಾನು ಮೆಚ್ಚಿದ್ದು ಅರಮನೆ ಆವರಣದಲ್ಲಿರುವ, 1980ರ ದಶಕದ ಉತ್ಖನನದಲ್ಲಿ ಹೊರಬಂದ ಮೆಟ್ಟಿಲು ಪುಷ್ಕರಣಿ. ಹಂಪಿ ತುಂಬ ಗ್ರಾನೈಟ್ ಬಂಡೆಗಳಿದ್ದರೂ ಇದನ್ನು ಕಟ್ಟಿರೋದು ಬೇರೆ ಕಡೆಯಿಂದ ತಂದ ಕಪ್ಪು ಶಿಸ್ಟ್ ಕಲ್ಲಿನಲ್ಲಿ. ಹತ್ತಿರ ಹೋಗಿ ನೋಡಿದರೆ ಕಲ್ಲುಗಳ ಮೇಲೆ ಗುರುತು ಕೊರೆದಿದ್ದಾರೆ: ಯಾವ ದಿಕ್ಕು, ಯಾವ ಸಾಲು, ಎಷ್ಟನೇ ಕಲ್ಲು. ಅಂದರೆ ಒಂದು ಕಡೆ ಅಳತೆ ಹಾಕಿ ಕಡೆದು, ನಂಬರ್ ಹಾಕಿ ಇಲ್ಲಿಗೆ ತಂದು ಜೋಡಿಸಿದ್ದಾರೆ. ಪ್ರತಿ ಕಲ್ಲಿಗೂ ಒಂದು ಯೂನೀಕ್ ಐಡಿ. ಐನೂರು ವರ್ಷದ ಹಿಂದಿನ ಆ ಶಿಲ್ಪಿಗಳ ಹೆಸರು ನಮಗೆ ಸಿಗೋದಿಲ್ಲ. ಆದರೆ ಅವರ ಡಾಕ್ಯುಮೆಂಟೇಶನ್ ಮಾತ್ರ ಇನ್ನೂ ಓದೋಕೆ ಸಿಗುತ್ತೆ. ನಮ್ಮ ಟೀಮಿನ ಕೋಡ್ ಐದು ವರ್ಷ ಆದಮೇಲೆ ಯಾರಿಗಾದರೂ ಅರ್ಥವಾಗುತ್ತಾ ಅಂತ ಒಮ್ಮೆ ಯೋಚನೆ ಮಾಡಿ.

ಕಲ್ಲಿನ ಬಾತ್‌ರೂಮ್ ಅಂದ ತಕ್ಷಣ ಡಿಸೈನರುಗಳು ತೋರಿಸುವ ಚಿತ್ರದ ಮೂಲ ಮಾತ್ರ ರೋಮ್. ಕ್ರಿ.ಶ. 216ರಲ್ಲಿ ಶುರುವಾದ ಕ್ಯಾರಕಾಲಾ ಸ್ನಾನಗೃಹದಲ್ಲಿ ಒಂದೇ ಸಲಕ್ಕೆ ಸುಮಾರು 1,600 ಜನ ಸ್ನಾನ ಮಾಡಬಹುದಿತ್ತು ಅಂತ ಲೆಕ್ಕ ಹಾಕುತ್ತಾರೆ. ಬಿಸಿನೀರಿನ ಹಾಲ್, ಉಗುರುಬೆಚ್ಚಗಿನ ಹಾಲ್, ತಣ್ಣೀರಿನ ಕೊಳ, ಎಲ್ಲೆಲ್ಲೂ ಬಣ್ಣಬಣ್ಣದ ಅಮೃತಶಿಲೆ. ಆದರೆ ಅಲ್ಲೊಂದು ಚಾಲಾಕಿ ಇತ್ತು. ಗೋಡೆ ಇಡೀ ಅಮೃತಶಿಲೆಯದಲ್ಲ. ಒಳಗೆ ಇಟ್ಟಿಗೆ ಮತ್ತು ಕಾಂಕ್ರೀಟ್, ಮೇಲೆ ತೆಳುವಾಗಿ ಸೀಳಿದ ಕಲ್ಲಿನ ಹಲಗೆ. ಇವತ್ತು ನಾವು 'ಕ್ಲ್ಯಾಡಿಂಗ್' ಅನ್ನುವ ವಿದ್ಯೆ ಇದೇ. ಮುಂದೆ ಸಾಮ್ರಾಜ್ಯ ಬಿದ್ದಮೇಲೆ ಜನ ಆ ಹಲಗೆಗಳನ್ನು ಕಿತ್ತುಕೊಂಡು ಹೋದರು. ಈಗ ಅಲ್ಲಿಗೆ ಹೋದರೆ ಕಾಣೋದು ಬರೀ ಕೆಂಪು ಇಟ್ಟಿಗೆಯ ದೈತ್ಯ ಗೋಡೆಗಳು.

ಕಲ್ಲನ್ನು ತೆಳುವಾಗಿ ಸೀಳಿದ್ದು ಹೇಗೆ? ಹಲ್ಲಿಲ್ಲದ ಗರಗಸ, ಮರಳು, ನೀರು. ಕೊಯ್ಯೋದು ಗರಗಸ ಅಲ್ಲ, ಮಧ್ಯೆ ಸಿಕ್ಕಿಕೊಂಡ ಮರಳು ಅಂತ 1ನೇ ಶತಮಾನದ ಪ್ಲಿನಿಯೇ ವಿವರಿಸಿದ್ದಾನೆ. 3ನೇ ಶತಮಾನದ ಹೊತ್ತಿಗೆ ಈಗಿನ ಟರ್ಕಿಯ ಹಿಯರಾಪೊಲಿಸ್‌ನಲ್ಲಿ ಒಬ್ಬನ ಶವಪೆಟ್ಟಿಗೆಯ ಮೇಲೆ ನೀರಿನ ಚಕ್ರದಿಂದ ಓಡುವ ಕಲ್ಲು ಕೊಯ್ಯುವ ಗರಗಸದ ಚಿತ್ರವನ್ನೇ ಕೆತ್ತಿದ್ದಾರೆ. ತಿರುಗುವ ಚಕ್ರದ ಚಲನೆಯನ್ನು ಹಿಂದೆ-ಮುಂದೆ ಹೋಗುವ ಚಲನೆಯಾಗಿ ಬದಲಾಯಿಸುವ ಕ್ರ್ಯಾಂಕ್ ಮತ್ತು ಕನೆಕ್ಟಿಂಗ್ ರಾಡ್ ಜೋಡಿಯ ಅತಿ ಹಳೆಯ ಚಿತ್ರಗಳಲ್ಲಿ ಅದೊಂದು. ನಿಮ್ಮ ಬೈಕಿನ ಇಂಜಿನ್ನಿನೊಳಗೆ ಇರೋದೂ ಅದೇ ಜೋಡಿ, ಉಲ್ಟಾ ಕೆಲಸಕ್ಕೆ. ಅಂದರೆ ಶ್ರೀಮಂತರ ಬಚ್ಚಲಿಗೆ ತೆಳು ಕಲ್ಲು ಬೇಕಾಗಿದ್ದೂ ಯಂತ್ರಶಾಸ್ತ್ರವನ್ನು ಒಂದಿಷ್ಟು ಮುಂದಕ್ಕೆ ತಳ್ಳಿದೆ.

ರೋಮನ್ನರ ಇನ್ನೊಂದು ಜಾಣತನ ಬಿಸಿ ನೆಲ. ನೆಲವನ್ನು ಇಟ್ಟಿಗೆಯ ಸಣ್ಣ ಕಂಬಗಳ ಮೇಲೆ ಎತ್ತಿ, ಕೆಳಗೆ ಒಲೆಯ ಬಿಸಿಗಾಳಿ ಓಡಿಸುತ್ತಿದ್ದರು. ಮೇಲೆ ಕಲ್ಲಿನ ಮೇಲೆ ಶ್ರೀಮಂತರು ಆರಾಮಾಗಿ ಓಡಾಡುತ್ತಿದ್ದರೆ, ಕೆಳಗಿನ ಹೊಗೆಯಲ್ಲಿ ಸೌದೆ ತಳ್ಳುತ್ತಿದ್ದವರು ಗುಲಾಮರು. ಈ ವಿದ್ಯೆ ಮುಂದೆ ತುರ್ಕರ ಹಮಾಮಿಗೆ ಬಂತು. ಇಸ್ತಾಂಬುಲಿನಲ್ಲಿ ಮಿಮಾರ್ ಸಿನಾನ್ 1584ರಲ್ಲಿ ಕಟ್ಟಿದ ಚೆಂಬರ್ಲಿತಾಶ್ ಹಮಾಮ್ ಇವತ್ತಿಗೂ ನಡೆಯುತ್ತಿದೆ. ನಡುವೆ ಬಿಸಿಯಾದ ಅಮೃತಶಿಲೆಯ ದೊಡ್ಡ ಕಟ್ಟೆ, ಅದರ ಮೇಲೆ ಮಲಗಿ ಬೆವರೋದು. ಅಲ್ಲಿನ ಮರ್ಮರಾ ಸಮುದ್ರಕ್ಕೆ ಆ ಹೆಸರು ಬಂದಿದ್ದೇ ದ್ವೀಪವೊಂದರ ಅಮೃತಶಿಲೆಯಿಂದ. ಅದೇ ಹಮಾಮ್ ಸಂಸ್ಕೃತಿ ಪರ್ಷಿಯಾದ ದಾರಿಯಾಗಿ ದಖ್ಖನಿಗೂ ಬಂತು. ಬೀದರ್ ಕೋಟೆಯೊಳಗೆ ಈಗ ಮ್ಯೂಸಿಯಂ ಇರುವ ಕಟ್ಟಡ ಒಂದು ಕಾಲದ ಶಾಹಿ ಹಮಾಮ್. ಮಲೆನಾಡು, ಹಳೇ ಮೈಸೂರಿನ ಕಡೆಯ ಬಚ್ಚಲುಮನೆಯ ಹಂಡೆ ಒಲೆ ನೋಡಿ ಬೆಳೆದವರಿಗೆ ಬೆಂಕಿ, ನೀರು, ಕಲ್ಲು ಮೂರೂ ಒಂದೇ ಕೋಣೆಯಲ್ಲಿ ಇರುವ ಸುಖ ಏನು ಅಂತ ಬೇರೆ ಹೇಳಬೇಕಿಲ್ಲ.

ಹಾಗಾದರೆ ಕಲ್ಲು ಬಚ್ಚಲಿನಿಂದ ಹೊರಗೆ ಹೋಗಿದ್ದು ಯಾವಾಗ?

ಇದಕ್ಕೆ ಕಾರಣ ಕಾಯಿಲೆ. 1854ರಲ್ಲಿ ಲಂಡನ್ನಿನ ಒಂದು ಬೀದಿಯಲ್ಲಿ ಕಾಲರಾ ಬಂದಾಗ ಜಾನ್ ಸ್ನೋ ಎಂಬ ಡಾಕ್ಟರು ಸತ್ತವರ ಮನೆಗಳನ್ನು ಮ್ಯಾಪಿನಲ್ಲಿ ಗುರುತು ಮಾಡಿ, ಒಂದು ನೀರಿನ ಪಂಪಿನತ್ತ ಬೆರಳು ತೋರಿಸಿದರು. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿ ನಾರಿ ಪಾರ್ಲಿಮೆಂಟೇ ಕಂಗಾಲಾದಾಗ ದೊಡ್ಡ ಒಳಚರಂಡಿ ಯೋಜನೆ ಶುರುವಾಯಿತು. ಆಮೇಲೆ ರೋಗಾಣುಗಳ ಸಿದ್ಧಾಂತ ಬಂತು. ಕಣ್ಣಿಗೆ ಕಾಣದ ಜೀವಿಗಳು ಸಂದುಗೊಂದಿನಲ್ಲಿ, ರಂಧ್ರಗಳಲ್ಲಿ ಅಡಗಿರುತ್ತವೆ ಅಂತ ಜನಕ್ಕೆ ಗೊತ್ತಾದಮೇಲೆ ನೀರು ಹೀರುವ ಕಲ್ಲು, ಮರ ಎಲ್ಲದರ ಮೇಲೂ ಅನುಮಾನ. ಬಿಳಿ ಗ್ಲೇಜ್ ಟೈಲ್ಸ್‌ಗೆ ರಂಧ್ರವಿಲ್ಲ, ಕೊಳೆಯಾದರೆ ಕಾಣುತ್ತೆ, ಒರೆಸಿದರೆ ಹೋಗುತ್ತೆ. ಆಸ್ಪತ್ರೆ, ಮೆಟ್ರೋ ಸ್ಟೇಷನ್, ಬಾತ್‌ರೂಮ್ ಎಲ್ಲವೂ ಬೆಳ್ಳಗಾದವು. ಬಾತ್‌ರೂಮ್ ಅಂದರೆ ಬಿಳಿ ಅನ್ನೋ ನಮ್ಮ ತಲೆಯೊಳಗಿನ ಚಿತ್ರ ಹುಟ್ಟಿದ್ದು ಹೀಗೆ, ಒಂದು ಭಯದಿಂದ. ಆ ಭಯ ಸುಳ್ಳಾಗಿರಲಿಲ್ಲ, ಅದರಿಂದ ಲಕ್ಷಾಂತರ ಜೀವ ಉಳಿಯಿತು ಅನ್ನೋದನ್ನೂ ಮರೆಯಬಾರದು.

ಬೆಂಗಳೂರಿನ ಕತೆಯೂ ಇದರ ಪಕ್ಕದಲ್ಲೇ ನಡೆಯುತ್ತದೆ. 1896ರಲ್ಲಿ ಹೆಸರಘಟ್ಟದಿಂದ ನಲ್ಲಿ ನೀರು ಬಂತು. 1898ರಲ್ಲಿ ಪ್ಲೇಗ್ ಬಂತು. ಆ ಹೊಡೆತದಲ್ಲಿ ಗಾಳಿ ಬೆಳಕಿನ, ಅಗಲ ರಸ್ತೆಯ ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳು ಬೆಳೆದವು. ಕೆರೆ, ಬಾವಿಯ ಹತ್ತಿರ ಇದ್ದ ಸ್ನಾನ ನಿಧಾನವಾಗಿ ಮನೆಯೊಳಗೆ ಬಂತು. ಮೊದಲು ಚಪ್ಪಡಿ ಕಲ್ಲು, ಆಮೇಲೆ ರೆಡ್ ಆಕ್ಸೈಡ್, ಮೊಸಾಯಿಕ್, ಆಮೇಲೆ ಬಿಳಿ ಟೈಲ್ಸ್. ಈ ಊರಿನ ಚಪ್ಪಡಿ ಗ್ರಾನೈಟಿನ ಜಾತಿ. ಬಂಡೆಯ ಮೇಲೆ ಬೆಂಕಿ ಹಾಕಿ ಕಾಯಿಸಿ ಪದರ ಏಳಿಸಿ ಸೀಳುತ್ತಿದ್ದರು. ಲಾಲ್‌ಬಾಗ್ ಬಂಡೆ ನೋಡಿದ್ದೀರಲ್ಲ, ಸುಮಾರು 300 ಕೋಟಿ ವರ್ಷದ್ದು, ಅದರ ಬಂಧುಬಳಗದ ಕಲ್ಲು. ವಿಧಾನಸೌಧ ಎದ್ದಿದ್ದೂ ಇಲ್ಲಿನ ಗ್ರಾನೈಟಿನಿಂದಲೇ. ಅಲಂಕಾರಕ್ಕೆ ಮಾಗಡಿಯ ಗುಲಾಬಿ ಕಲ್ಲು, ತುರುವೇಕೆರೆಯ ಕರಿಕಲ್ಲು.

ನಮ್ಮ ಫರ್ಸಿಯ ದಾರಿ ಬೇರೆ. ಅದನ್ನು ಹೊತ್ತು ಹೊರಗೆ ಕರೆದುಕೊಂಡು ಹೋಗಿದ್ದು ರೈಲು. ಮುಂಬೈನಿಂದ ಹೊರಟ ಹಳಿ ಶಹಾಬಾದ್, ವಾಡಿ ದಾಟಿ 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಹಳಿಗೆ ಸೇರಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೂ ದಾರಿಯಾಯಿತು. ಕಲ್ಲಿನಂಥ ಭಾರದ ವಸ್ತುವಿಗೆ ರೈಲು ಹತ್ತಿರ ಇದ್ದರೆ ಸಾಕು, ಮಾರ್ಕೆಟ್ ತಾನಾಗೇ ಹುಟ್ಟುತ್ತೆ. ಮುಂಬೈ, ಪುಣೆ, ಹೈದರಾಬಾದಿನ ಅಂಗಳ, ಗೋದಾಮು, ರೈಲ್ವೆ ಪ್ಲಾಟ್‌ಫಾರ್ಮ್ ಎಲ್ಲಕ್ಕೂ ಫರ್ಸಿ ಹೋಯಿತು. ಮುಂಬೈನ ಚಾಳುಗಳ ಒಂದೇ ಕೋಣೆಯ ಮನೆಯಲ್ಲಿ, ಮೂಲೆಯಲ್ಲಿ ಪಾತ್ರೆ ತೊಳೆಯೋಕೂ ಸ್ನಾನಕ್ಕೂ ಇರುತ್ತಿದ್ದ 'ಮೋರಿ'ಗೂ ಅದೇ. ಹೀಗೆ ದುಡಿಯುವವರ ಕಲ್ಲು ಅಂತ ಹೆಸರಾಯಿತು. ಅದಾದಮೇಲೆ ಯಾರೂ ಅದನ್ನು 'ಎಲಿಗೆಂಟ್' ಅನ್ನಲಿಲ್ಲ.

ಈಗ ನಮ್ಮ ಮನೆಯ ವಿಷಯ. ಎರಡು ವರ್ಷದ ಹಿಂದೆ ನಮ್ಮ ಫ್ಲ್ಯಾಟಿನ ಒಂದು ಬಾತ್‌ರೂಮ್ ಹೊಸದಾಗಿ ಮಾಡಿಸಬೇಕಾಯಿತು. ಅವ್ವನಿಗೆ ಮಂಡಿನೋವು ಜಾಸ್ತಿಯಾಗಿ, ಊರು ಬಿಟ್ಟು ನಮ್ಮ ಜೊತೆ ಬಂದು ಇರುತ್ತೀನಿ ಅಂದಿದ್ದಳು. ನನ್ನ ಹೆಂಡತಿಗೆ ನ್ಯಾಚುರಲ್ ಸ್ಟೋನ್ ಇಷ್ಟ. ಡಿಸೈನರ್ ಇಟಾಲಿಯನ್ ಮಾರ್ಬಲ್ಲಿನ ಸ್ಯಾಂಪಲ್ ತಂದು ಮೇಜಿನ ಮೇಲಿಟ್ಟರು. ಪಾಲಿಶ್ ಮಾಡಿ ಹೊಳೀತಾ ಇತ್ತು. ನಾನು ವಿಡಿಯೋ ಕಾಲಿನಲ್ಲಿ ಅವ್ವನಿಗೆ ತೋರಿಸಿದೆ. ಅವಳು ಅರ್ಧ ನಿಮಿಷ ನೋಡಿ ಅಂದಳು, "ಇದರಾಗ ಮಾರಿ ಕಾಣಸ್ತದಲ್ಲೋ. ಕಾಲ ಹ್ಯಾಂಗ ನಿಲ್ತದ?"

ನನಗನಿಸಿದ ಮಟ್ಟಿಗೆ ಬಾತ್‌ರೂಮ್ ಡಿಸೈನಿನ ಬಗ್ಗೆ ಇಷ್ಟು ನೇರವಾದ ರಿವ್ಯೂ ಬೇರೆ ಯಾರೂ ಕೊಟ್ಟಿಲ್ಲ. ಜಾರುವಿಕೆ ಅಳೆಯೋಕೆ ಜರ್ಮನಿಯವರ ಒಂದು ಪದ್ಧತಿ ಇದೆ. ಮನುಷ್ಯನೊಬ್ಬನನ್ನು ಎಣ್ಣೆ ಹಾಕಿದ ನೆಲದ ಮೇಲೆ ನಿಲ್ಲಿಸಿ, ನೆಲವನ್ನು ಓರೆ ಮಾಡುತ್ತಾ ಹೋಗಿ, ಎಷ್ಟು ಡಿಗ್ರಿಯಲ್ಲಿ ಜಾರುತ್ತಾನೆ ನೋಡಿ ಆರ್9ರಿಂದ ಆರ್13ರವರೆಗೆ ನಂಬರ್ ಕೊಡುತ್ತಾರೆ. ನಂಬರ್ ಹೆಚ್ಚಿದ್ದಷ್ಟೂ ಹಿಡಿತ ಹೆಚ್ಚು. ಅವ್ವ ಅದೇ ಪರೀಕ್ಷೆಯನ್ನು ಕಣ್ಣಲ್ಲೇ ಮಾಡಿದ್ದಳು.

"ಶಹಾಬಾದ್ ಕಲ್ಲು ಹಾಕಬಹುದಾ?" ಅಂತ ಕೇಳಿದೆ. ಡಿಸೈನರ್ ನಕ್ಕರು. "ಸರ್, ಅದು ಪಾರ್ಕಿಂಗಿಗೆ ಹಾಕೋ ಕಲ್ಲು." ತಪ್ಪೇನಿಲ್ಲ, ಅವರು ನೋಡಿರೋದು ಅಲ್ಲೇ. ನಾನು ಕನಗನಹಳ್ಳಿಯ ಫೋಟೋ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಓಕೆ, ಆದ್ರೆ ಸೀಲರ್ ಚೆನ್ನಾಗಿ ಹೊಡಿಬೇಕಾಗುತ್ತೆ" ಅಂದರು. ಕಡೆಗೆ ತೀರ್ಮಾನ ಹೀಗಾಯಿತು: ಶವರ್ ಜಾಗದ ನೆಲಕ್ಕೆ ಪಾಲಿಶ್ ಇಲ್ಲದ, ಪದರದ ಮೇಲ್ಮೈ ಹಾಗೇ ಉಳಿಸಿದ ಫರ್ಸಿ, ಒಂದು ಗೋಡೆಗೆ ಅದೇ ಕಲ್ಲು, ತುಸು ಉಜ್ಜಿದ್ದು, ಉಳಿದ ಗೋಡೆಗೆ ಸಾದಾ ಬಿಳಿ ಟೈಲ್ಸ್. ವಾಶ್‌ಬೇಸಿನ್ ಕೆಳಗೆ ಗ್ರಾನೈಟ್, ಏಕೆಂದರೆ ಅಲ್ಲಿ ಟೂತ್‌ಪೇಸ್ಟು, ನಿಂಬೆಹಣ್ಣು, ಏನೇನೋ ಬೀಳುತ್ತೆ.

ಇಲ್ಲಿ ಸ್ವಲ್ಪ ಕೆಮಿಸ್ಟ್ರಿ ಬೇಕು. ಫರ್ಸಿ, ಕಡಪಾ ಕಲ್ಲು, ರಾಜಸ್ಥಾನದ ಕೋಟಾ, ಇಟಲಿಯ ಮಾರ್ಬಲ್, ಎಲ್ಲವೂ ಮೂಲದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್. ಆಸಿಡ್ ಬಿದ್ದರೆ ಬುರುಬುರು ನೊರೆ ಬಂದು ಕರಗುತ್ತವೆ. ಟಾಯ್ಲೆಟ್ ತೊಳೆಯುವ ಬಾಟಲಿಗಳಲ್ಲಿ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತದೆ. ಅದನ್ನು ಈ ಕಲ್ಲಿನ ಮೇಲೆ ಸುರಿದರೆ ಮೇಲ್ಮೈ ಮಂಕಾಗಿ ತಿಂದುಹೋಗುತ್ತದೆ. ಬೋರ್‌ವೆಲ್ ನೀರಿನ ಬಿಳಿ ಕಲೆ ಹೋಗಲಿ ಅಂತ ವಿನೆಗರ್ ಹಾಕೋದೂ ಬೇಡ. ಆ ಕಲೆಯೂ ಕಾರ್ಬೊನೇಟೇ, ಕೆಳಗಿನ ಕಲ್ಲೂ ಕಾರ್ಬೊನೇಟೇ, ಆಸಿಡ್ಡಿಗೆ ವ್ಯತ್ಯಾಸ ಗೊತ್ತಾಗಲ್ಲ. ಸ್ನಾನ ಆದಮೇಲೆ ವೈಪರಿನಲ್ಲಿ ನೀರು ಎಳೆದುಬಿಡಿ, ವಾರಕ್ಕೊಮ್ಮೆ ಸೌಮ್ಯವಾದ ಸೋಪುನೀರು ಸಾಕು. ಗ್ರಾನೈಟ್ ಬೇರೆ ಜಾತಿ. ಅದರಲ್ಲಿ ಫೆಲ್ಡ್‌ಸ್ಪಾರ್, ಕ್ವಾರ್ಟ್ಸ್ ಇರೋದರಿಂದ ಗಡಸುತನದ ಮೋಸ್ ಅಳತೆಯಲ್ಲಿ 6ರಿಂದ 7. ಸುಣ್ಣದಕಲ್ಲು, ಮಾರ್ಬಲ್ 3ರ ಆಸುಪಾಸು. ಇಳಕಲ್ಲಿನ ಕೆಂಪು, ಚಾಮರಾಜನಗರದ ಕಪ್ಪು, ದೇವನಹಳ್ಳಿ ಕಡೆಯ ಸಾದರಹಳ್ಳಿ ಬೂದು, ನಮ್ಮ ರಾಜ್ಯದಲ್ಲೇ ಬೇಕಾದಷ್ಟು ಬಣ್ಣ ಇವೆ. ನೆಲಕ್ಕಾದರೆ ಪಾಲಿಶ್ ಬೇಡ, ಬೆಂಕಿ ಹಾಯಿಸಿ ಒರಟು ಮಾಡಿದ 'ಫ್ಲೇಮ್ಡ್' ಅಥವಾ 'ಲೆದರ್' ಫಿನಿಶ್ ಕೇಳಿ.

ತೂಕದ ಲೆಕ್ಕವನ್ನೂ ಹಾಕಿಕೊಳ್ಳಿ. 25 ಮಿ.ಮೀ. ದಪ್ಪದ ಫರ್ಸಿ ಒಂದು ಚದರ ಮೀಟರಿಗೆ ಸುಮಾರು 65 ಕೆಜಿ. 40 ಚದರಡಿ ನೆಲ ಅಂದರೆ 240 ಕೆಜಿ. ಊರ ಮನೆಯಲ್ಲಿ ಅದು ಭೂಮಿ ಮೇಲೆ ಕೂತಿರುತ್ತೆ. ಇಲ್ಲಿ ಏಳನೇ ಮಹಡಿಯಲ್ಲಿ ಬೇರೆಯವರ ತಲೆಯ ಮೇಲೆ. ಹಾಗಾಗಿ ಹಳೇ ಟೈಲ್ಸ್, ಹಳೇ ಗಾರೆ ಪೂರ್ತಿ ತೆಗೆಸಿ, ವಾಟರ್‌ಪ್ರೂಫಿಂಗ್ ಮಾಡಿಸಿ, ಒಂದೆರಡು ದಿನ ನೀರು ನಿಲ್ಲಿಸಿ ಸೋರಲ್ಲ ಅಂತ ಖಾತ್ರಿಯಾದಮೇಲೆ ಕಲ್ಲು ಹಾಕಿ. ನೀರು ಹೋಗುವ ಜಾಲರಿಯ ಕಡೆಗೆ ಇಳಿಜಾರು ಮರೆಯಬೇಡಿ. ಮೊಹೆಂಜೊದಾರೊದವರು ಮರೆತಿರಲಿಲ್ಲ.

ಕಲ್ಲು ಹಾಕೋಕೆ ಬಂದ ಮೇಸ್ತ್ರಿ ಸೇಡಂ ಕಡೆಯ ಹುಡುಗ. ನನ್ನಷ್ಟೇ ವಯಸ್ಸು. ಮೂಟೆ ಬಿಚ್ಚಿ ಕಲ್ಲು ನೋಡಿದವನೇ, "ಸರ್, ಇದು ನಮ್ಮ ಕಡೀ ಕಲ್ಲು!" ಅಂದ. ನಾನೂ ಚಿತ್ತಾಪುರದ ಕಡೆಯವನು ಅಂತ ಗೊತ್ತಾದಮೇಲೆ 'ಸರ್' ಹೋಗಿ 'ಅಣ್ಣಾ' ಆಯಿತು. ಅವರಪ್ಪ ಫರ್ಸಿ ಖಣಿಯಲ್ಲಿ ಕೆಲಸ ಮಾಡಿದವರು. ಕಲ್ಲಿನ ಅಂಚನ್ನು ಬೆರಳಿನಿಂದ ತಟ್ಟಿ, ಸದ್ದು ಕೇಳಿ, ಎರಡು ಕಲ್ಲು ಬದಿಗಿಟ್ಟ. "ಇವು ಒಳಗ ಬಿಟ್ಟಾವ ಅಣ್ಣಾ, ಹಾಕಬ್ಯಾಡ್ರಿ. ಆರು ತಿಂಗಳಿಗೆ ಪದರ ಏಳ್ತದ." ಅವನಿಗೆ ಯಾವ ಕಾಲೇಜೂ ಅದನ್ನು ಕಲಿಸಿಲ್ಲ. ಬೆಂಗಳೂರಿಗೆ ಯಾಕೆ ಬಂದೆ ಅಂತ ಕೇಳಿದೆ. ಮಳೆ ಇಲ್ಲ, ಖಣಿಯಲ್ಲಿ ಕೂಲಿ ಇಲ್ಲ, ಅಪ್ಪನಿಗೆ ದಮ್ಮು ಅಂದ. ಅವನು ಅದನ್ನು ಮಾಮೂಲಿ ವಿಷಯದ ಹಾಗೆ ಹೇಳಿದ್ದರಿಂದ ನನಗೆ ಇನ್ನೂ ಕಸಿವಿಸಿಯಾಯಿತು.

ಕಲ್ಲಿನ ಚರಿತ್ರೆಯಲ್ಲಿ ಈ ದಮ್ಮಿನ ಅಧ್ಯಾಯವನ್ನು ಯಾವ ಡಿಸೈನ್ ಮ್ಯಾಗಜಿನ್ನೂ ಹಾಕೋದಿಲ್ಲ. ಕಲ್ಲು ಒಡೆಯುವ, ಕೊಯ್ಯುವ ಜಾಗದಲ್ಲಿ ಏಳುವ ಸಣ್ಣ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತು ಗಾಯ ಮಾಡುತ್ತದೆ. ಸಿಲಿಕೋಸಿಸ್ ಅಂತ ಅದರ ಹೆಸರು, ಗುಣವಾಗುವ ಕಾಯಿಲೆಯಲ್ಲ. ಸುಣ್ಣದಕಲ್ಲಿನಲ್ಲಿ ಸಿಲಿಕಾ ಸಾಮಾನ್ಯವಾಗಿ ಕಡಿಮೆ, ಗ್ರಾನೈಟಿನಲ್ಲಿ ಹೆಚ್ಚು, ಮರಳುಗಲ್ಲಿನಲ್ಲಿ ಇನ್ನೂ ಹೆಚ್ಚು. ಈಗ ಫ್ಯಾಷನ್ನಿನಲ್ಲಿರುವ 'ಎಂಜಿನಿಯರ್ಡ್ ಕ್ವಾರ್ಟ್ಸ್' ಹಲಗೆಗಳಲ್ಲಿ ಅದು 90 ಪರ್ಸೆಂಟ್ ದಾಟಬಹುದು. ಅವುಗಳನ್ನು ಕೊಯ್ಯುವ ಯುವಕರು ಕಾಯಿಲೆ ಬಿದ್ದಿದ್ದಕ್ಕೆ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅಂಥ ಕೃತಕ ಕಲ್ಲನ್ನೇ ನಿಷೇಧ ಮಾಡಿತು. ನಮ್ಮ ದೇಶದಲ್ಲಿ 1983ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ 'ಬಂಧುವಾ ಮುಕ್ತಿ ಮೋರ್ಚಾ' ಕೇಸಿನಲ್ಲಿ ಫರೀದಾಬಾದಿನ ಕಲ್ಲು ಕ್ವಾರಿಗಳ ಜೀತದಾಳುಗಳ ಬಗ್ಗೆ ತೀರ್ಪು ಕೊಟ್ಟಾಗ ಧೂಳು, ಕುಡಿಯುವ ನೀರು, ಔಷಧಿಯ ವಿಷಯವನ್ನೂ ಎತ್ತಿತ್ತು. ಆ ಕೇಸ್ ಶುರುವಾಗಿದ್ದು ಒಂದು ಪತ್ರದಿಂದ.

ನಮ್ಮ ನಾಡಿನಲ್ಲಿ ತಲೆತಲಾಂತರದಿಂದ ಕಲ್ಲು ಒಡೆದವರು ಹೆಚ್ಚಾಗಿ ಭೋವಿ, ವಡ್ಡರ ಜನ. ಕೆರೆ ತೋಡಿದ್ದು, ಕೋಟೆಗೆ ಕಲ್ಲು ಹೊತ್ತಿದ್ದು, ರೈಲು ಹಾದಿಗೆ ಜಲ್ಲಿ ಕುಟ್ಟಿದ್ದು ಅವರು. ಕೆರೆ ಕಟ್ಟಿಸಿದ 12ನೇ ಶತಮಾನದ ಸೊನ್ನಲಿಗೆಯ ಸಿದ್ಧರಾಮನನ್ನು ಅವರು ತಮ್ಮ ಗುರು ಅಂತ ಪೂಜಿಸುತ್ತಾರೆ. ಕಟ್ಟಿಸಿದ ರಾಜರ ಹೆಸರು ಶಾಸನದಲ್ಲಿದೆ. ಕಟ್ಟಿದವರದು ಹಂಪಿಯ ಪುಷ್ಕರಣಿಯಲ್ಲಿರುವಂಥ ಗುರುತುಗಳಲ್ಲಿ ಮಾತ್ರ.

ನಮ್ಮ ಮನೆಯಲ್ಲಿ ಮಾಡಿಸಿಕೊಂಡ ಒಂದೇ ಒಂದು ಶರತ್ತು, ಕಲ್ಲು ಕೊಯ್ಯುವಾಗ ಒಣಗಿದ ಬ್ಲೇಡ್ ಓಡಿಸಬಾರದು, ನೀರು ಹಾಕುತ್ತಲೇ ಕೊಯ್ಯಬೇಕು, ಮಾಸ್ಕ್ ನಾವು ಕೊಡುತ್ತೇವೆ ಅನ್ನೋದು. ಪಕ್ಕದವರಿಗೆ ಧೂಳಿನ ಕಂಪ್ಲೇಂಟ್ ಇರಲಿಲ್ಲ ಅನ್ನೋದು ಬೋನಸ್. ಕೆಲಸ ಎರಡು ದಿನ ಜಾಸ್ತಿ ಹಿಡಿಯಿತು, ಕೂಲಿಯೂ ಅಷ್ಟು ಜಾಸ್ತಿ ಆಯಿತು. ನೀರು ಹಾಕಿ ಕೊಯ್ಯೋದು ರೋಮನ್ನರಿಗೇ ಗೊತ್ತಿದ್ದ ವಿದ್ಯೆ. ಅವರಿಗೆ ಬೇಕಾದದ್ದು ಕಲ್ಲು ಕೊಯ್ಯೋಕೆ, ನಮಗೆ ಬೇಕಾಗಿರೋದು ಮನುಷ್ಯ ಉಳಿಯೋಕೆ.

ನೀವು ಬಾತ್‌ರೂಮಿಗೆ ಕಲ್ಲು ಹಾಕಿಸುವ ಯೋಚನೆಯಲ್ಲಿದ್ದರೆ ಅಂಗಡಿಯವನನ್ನು ನಾಲ್ಕು ಪ್ರಶ್ನೆ ಕೇಳಿ. ಇದು ಯಾವ ಊರಿನ ಕಲ್ಲು? ಸುಣ್ಣದ ಜಾತಿಯಾ, ಗ್ರಾನೈಟ್ ಜಾತಿಯಾ? (ಗೊತ್ತಿಲ್ಲ ಅಂದರೆ ಒಂದು ಚೂರು ತಂದು ಮನೆಯಲ್ಲಿ ಎರಡು ಹನಿ ನಿಂಬೆರಸ ಹಾಕಿ ಹತ್ತು ನಿಮಿಷ ಬಿಡಿ, ಕಲೆ ಬಿದ್ದರೆ ಸುಣ್ಣದ್ದು.) ನೆನೆದಾಗ ಜಾರುತ್ತಾ? ಕೊಯ್ಯೋದು ಎಲ್ಲಿ, ಹೇಗೆ? ಮೊದಲ ಮೂರಕ್ಕೆ ಉತ್ತರ ಸಿಗುತ್ತೆ. ನಾಲ್ಕನೆಯದಕ್ಕೆ ನಿಮ್ಮ ಮುಖ ನೋಡುತ್ತಾರೆ. ಹತ್ತು ಜನ ಗಿರಾಕಿಗಳು ಕೇಳಿದಮೇಲೆ ಹನ್ನೊಂದನೆಯವರಿಗೆ ಉತ್ತರ ರೆಡಿ ಇರುತ್ತೆ.

ಇನ್ನೊಂದು ಮಾತು. ಲಾಂಗ್ ವೀಕೆಂಡಿಗೆ ಹಂಪಿಗೆ ಎಲ್ಲರೂ ಹೋಗ್ತಾರೆ. ಒಂದು ಸಲ ರಾತ್ರಿ ರೈಲು ಹತ್ತಿ ಕಲಬುರಗಿಗೆ ಬನ್ನಿ. ಬೆಳಿಗ್ಗೆ ಜೋಳದ ರೊಟ್ಟಿ ತಿಂದು ಸನ್ನತಿಯ ದಾರಿ ಹಿಡಿಯಿರಿ. ದಾರಿಯುದ್ದಕ್ಕೂ ಹೊಲದ ಬೇಲಿಗೆ ನಿಲ್ಲಿಸಿದ ಫರ್ಸಿ ಕಾಣುತ್ತೆ, ಕನಗನಹಳ್ಳಿಯಲ್ಲಿ ಸುಣ್ಣದಕಲ್ಲಿನ ಮೇಲೆ ಕೆತ್ತಿದ ಕತೆಗಳು. ಬಿಸಿಲು ಜೋರಿರುತ್ತೆ, ಟೋಪಿ, ನೀರಿನ ಬಾಟಲಿ ಮರೆಯಬೇಡಿ.